ಮೂರು ಊರುಗಳ ಮೊದಲ ವರ್ಷ

ನಾನು ಬಿ.ಎ. ಮೊದಲ ವರ್ಷವನ್ನು ಮೂರು ಸಲ ಓದಿದವಳು. ಒಂದು ಸಲವೂ ಫೇಲಾದವಳಲ್ಲ. ಕೋಟೆಯ ಕಾಲೇಜಿನಲ್ಲಿ ಪಾಸಾದೆ, ಕೆರೆಯ ಕಾಲೇಜಿನಲ್ಲಿ ಪಾಸಾದೆ, ಗಣಿಯ ಕಾಲೇಜಿನಲ್ಲಂತೂ ಫಸ್ಟ್ ಕ್ಲಾಸೇ ಬಂತು. ಆದರೆ ನಮ್ಮೂರು ಒಂದು ಕಡೆ ನಿಲ್ಲುವ ಊರಲ್ಲ. ಕೋಟೆಯ ಪಕ್ಕದಲ್ಲಿದ್ದಾಗ ಮೊದಲ ವರ್ಷ ಮುಗಿಸಿ, ಎರಡನೆಯ ವರ್ಷದ ಪುಸ್ತಕ ಯಾರ ಹತ್ತಿರ ಸಿಕ್ಕೀತು ಎಂದು ವಿಚಾರಿಸುತ್ತಿದ್ದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಕೋಟೆ ಇಲ್ಲ, ಕೆರೆ ಇದೆ. ಕೆರೆಯ ಕಾಲೇಜಿಗೆ ಹೋಗಿ ನಾನು ಮೊದಲ ವರ್ಷ ಮುಗಿಸಿದವಳು ಅಂದರೆ ಅಲ್ಲಿನವರು, "ಅದು ಅಲ್ಲಿದು, ಇದು ಇಲ್ಲಿದು. ಇಲ್ಲಿ ಓದ್ಬೇಕಂದ್ರ ಮೊದಲಿಂದ ಶುರು ಮಾಡ್ರಿ" ಅಂದರು. ಮಾಡಿದೆ. ಆಮೇಲೆ ಗಣಿ ಬಂತು. ಅಲ್ಲಿಯೂ ಅದೇ ಮಾತು.

ನಮ್ಮೂರಿನಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಕಾಲೇಜಿಗೆ ಹೋದವರೆಲ್ಲರೂ ಮೊದಲ ವರ್ಷದವರೇ. ತಲೆ ನರೆತ ಮೊದಲ ವರ್ಷದವರಿದ್ದಾರೆ, ಮೊಮ್ಮಕ್ಕಳನ್ನು ಆಡಿಸುವ ಮೊದಲ ವರ್ಷದವರಿದ್ದಾರೆ. ಊರು ಯಾವಾಗ ಜರುಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೆಲವೊಮ್ಮೆ ಒಂದೇ ಕಡೆ ಎರಡು ಮಳೆಗಾಲ ಕಳೆಯುತ್ತದೆ, ಕೆಲವೊಮ್ಮೆ ಬಿತ್ತಿದ ಹೆಸರುಕಾಳು ಕೊಯ್ಯುವ ಮೊದಲೇ ಹೊರಡುತ್ತದೆ. ನಸುಕಿನಲ್ಲಿ, ದನ ನೊಣ ಕೊಡವಿದ ಹಾಗೆ, ನೆಲ ಒಮ್ಮೆ ಮೈ ಕೊಡವುತ್ತದೆ. ಅಷ್ಟೇ. ನಾವು ಕೊಡವನ್ನು ಕಂಠದವರೆಗೆ ತುಂಬುವುದಿಲ್ಲ. ಕನ್ನಡಿಯನ್ನು ಎರಡು ಮೊಳೆಗೆ ಬಿಗಿದು ಕಟ್ಟುತ್ತೇವೆ. ಹೆಣ್ಣನ್ನು ಊರೊಳಗೇ ಕೊಡುತ್ತೇವೆ, ಹೊರಗೆ ಕೊಟ್ಟರೆ ತವರು ಎಲ್ಲಿದೆ ಎಂದು ಹುಡುಕುವುದರಲ್ಲೇ ಅವಳ ಆಯುಷ್ಯ ಮುಗಿಯುತ್ತದೆ. ಒಂದು ಕಡೆ ಇರುವ ಊರಿನವರನ್ನು ನಾವು ನಿಂತೂರಿನವರು ಅನ್ನುತ್ತೇವೆ. ಅವರು ನಮ್ಮನ್ನು ಜರುಗೂರಿನವರು ಅನ್ನುತ್ತಾರೆ. ನಾವು ಅನ್ನುವುದು ಸುಮ್ಮನೆ ಗುರುತಿಗೆ. ಅವರು ಅನ್ನುವಾಗ ಮೂಗು ಸ್ವಲ್ಪ ಮೇಲೇಳುತ್ತದೆ. ಮೂಟೆ ಹೊರಲು, ಗಣಿಯಲ್ಲಿ ಕಲ್ಲು ಒಡೆಯಲು, ಮದುವೆ ಮನೆಯಲ್ಲಿ ಪಾತ್ರೆ ತಿಕ್ಕಲು ನಾವು ಬೇಕು. ಕುರ್ಚಿಯ ಮೇಲೆ ಕೂರುವ ಕೆಲಸಕ್ಕೆ ಡಿಗ್ರಿ ಕೇಳುತ್ತಾರೆ. ಡಿಗ್ರಿ ನಮ್ಮೂರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ.

ನನ್ನ ಹೆಸರು ರೇಣವ್ವ. ಗುರುಸಿದ್ದಪ್ಪನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ನನ್ನ ಗಂಡ ಅಡಿವೆಪ್ಪ ಹಮಾಲಿ. ಊರು ಯಾವ ಸಂತೆಯ ಹತ್ತಿರ ನಿಂತರೆ ಆ ಸಂತೆಯಲ್ಲಿ ಮೂಟೆ ಇಳಿಸುತ್ತಾನೆ. ಒಬ್ಬಳೇ ಮಗಳು, ಚಂಪಾ. ಅವಳು ಪಿಯುಸಿ ಪಾಸಾದ ವರ್ಷ ನಮ್ಮೂರು ಮತ್ತೆ ಕೋಟೆಯ ಮಗ್ಗುಲಿಗೆ ಬಂದಿತ್ತು. ಮಗಳೂ ಇನ್ನು ನನ್ನ ಹಾಗೆಯೇ ಮೊದಲ ವರ್ಷದ ಸುತ್ತು ಹಾಕುತ್ತಾಳೆ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ.

ಆಗಲೇ ಇಂದುಮತಿ ಮೇಡಂ ನಮ್ಮ ಖಾನಾವಳಿಗೆ ಬಂದದ್ದು. ಕೋಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ನಲವತ್ತರ ಹತ್ತಿರದ ವಯಸ್ಸು, ಹತ್ತಿಯ ಸೀರೆ, ಹೆಗಲಿಗೆ ದೊಡ್ಡ ಚೀಲ. ನಿಂತೂರಿನವರು ನಮ್ಮಲ್ಲಿ ಊಟಕ್ಕೆ ಕೂರುವುದೇ ಅಪರೂಪ. ಅವರು ಕೂತು, ಎರಡು ರೊಟ್ಟಿ ಎಣ್ಣೆಗಾಯಿ ತಿಂದು, ಮೂರನೆಯದನ್ನು ಬೇಡ ಅನ್ನದೆ ಹಾಕಿಸಿಕೊಂಡು, ಕೈ ತೊಳೆದ ಮೇಲೆ ಅಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಕೋಟೆ, ಕೆರೆ, ಗಣಿ, ಮೂರೂ ಕಾಲೇಜುಗಳು ಒಪ್ಪಂದ ಮಾಡಿಕೊಂಡಿವೆ. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಒಪ್ಪುತ್ತವೆ. ಊರು ಎಲ್ಲಿಗೆ ಜರುಗಿದರೂ ಓದು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಬೇಸಿಗೆ ರಜೆಯಲ್ಲೂ ತರಗತಿ ನಡೆಸುತ್ತಾರೆ, ಬೇಗ ಓದುವವರು ಬೇಗ ಪದವಿ ಪಡೆಯಬಹುದು.

ಒಲೆಯ ಮೇಲೆ ನನ್ನ ರೊಟ್ಟಿ ಸೀದ ವಾಸನೆ ಬಂದಾಗಲೇ ಎಲ್ಲರೂ ಕದಲಿದ್ದು.

ಅವರು ಹೋದ ಮೇಲೆ ಗುರುಸಿದ್ದಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ಊರಿನ ಪಂಚರಲ್ಲಿ ಅವನೂ ಒಬ್ಬ. "ಕರದು ಹೆಣ್ಣು ಕೊಡಾಕ ಬಂದ್ರ ಮದಲ ಯಾಕಂತ ಕೇಳ್ಬೇಕು" ಅಂದ. "ಇಷ್ಟ್ ವರ್ಷ ಗೇಟಿನ್ಯಾಗ ನಿಂದ್ರಿಸಿ ವಾಪಸ್ ಕಳಸಿದಾರು ಈಗ ಊರೊಳಗ ಬಂದು ರೊಟ್ಟಿ ತಿಂದು ಕರಿಯಾಕತ್ತಾರ ಅಂದ್ರ, ಇದರಾಗ ಏನೋ ಐತಿ."

ಅವನ ಮಾತು ನನ್ನ ಮನಸ್ಸಿನಲ್ಲಿದ್ದದ್ದೇ ಆಗಿತ್ತು. ಒಂದು ವಾರದೊಳಗೆ ಊರು ತುಂಬ ಬಗೆಬಗೆಯ ಸುದ್ದಿ. ನಮ್ಮ ಮಕ್ಕಳನ್ನು ಓದಿಸುವ ನೆಪದಲ್ಲಿ ಊರಿಗೆ ಮೊಳೆ ಹೊಡೆದು ಕೋಟೆಗೆ ಕಟ್ಟಿಹಾಕುತ್ತಾರಂತೆ. ಪದವಿ ಪಡೆದವರೆಲ್ಲ ನಿಂತೂರುಗಳಿಗೆ ಹೋಗಿಬಿಟ್ಟರೆ ನಮ್ಮೂರು ಹಗುರಾಗಿ, ಮುಂದಿನ ಸಲ ಜರುಗಿದಾಗ ಯಾವ ಊರಿನ ಪಕ್ಕವೂ ನಿಲ್ಲದೆ ಹೋಗಿಯೇಬಿಡುತ್ತದಂತೆ. ಬೇಗ ಕೊಡುವ ಪದವಿ ಬೇಗ ಅಳಿಸಿಹೋಗುತ್ತದಂತೆ. ಕೊನೆಯದನ್ನು ಹೇಳಿದ್ದು ನನ್ನ ಗಂಡನೇ. ಸಂತೆಯಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು.

ಚಂಪಾ ಮಾತ್ರ ಹಟ ಹಿಡಿದಳು. "ಯವ್ವಾ, ಮೂರ್ ಸಲ ನೀ ಸೇರಿದ್ದು ಯಾವ ನಂಬಿಕಿ ಮ್ಯಾಲ? ಆಗ ಯಾರೂ ಏನೂ ಕೊಡ್ತೀನಿ ಅಂದಿರ್ಲಿಲ್ಲ. ಈಗ ಕೊಡ್ತೀನಿ ಅಂದ್ರ ಹೆದರ್ತಿಯಲ್ಲ."

"ಕೊಡ್ತೀನಿ ಅಂದಿದ್ದಕ್ಕ ಹೆದರಿಕಿ" ಅಂದೆ.

ಇಂದುಮತಿ ಮೇಡಂ ಮತ್ತೆ ಬಂದರು. ಈ ಸಲ ನೇರವಾಗಿ ಒಲೆಯ ಹತ್ತಿರ, ನನ್ನ ಪಕ್ಕಕ್ಕೇ ಬಂದು ಮಣೆ ಎಳೆದುಕೊಂಡು ಕೂತರು. ಚಂಪಾ ನನ್ನ ಕಥೆಯನ್ನೆಲ್ಲ ಹೇಳಿಬಿಟ್ಟಿದ್ದಳು. "ರೇಣವ್ವಾರ, ನೀವು ಕೋಟೆಯೊಳಗ ಇತಿಹಾಸ ಓದೀರಿ, ಕೆರೆಯೊಳಗ ಸಮಾಜಶಾಸ್ತ್ರ, ಗಣಿಯೊಳಗ ಅರ್ಥಶಾಸ್ತ್ರ. ಅವು ಮೂರು ಮೊದಲ ವರ್ಷ ಅಲ್ಲ. ಮೂರೂ ಕೂಡಿಸಿದ್ರ ನಿಮ್ಮ ಪದವಿ ಬಹುಪಾಲು ಮುಗದದ. ಇನ್ನೊಂದು ವರ್ಷ ಓದಿದ್ರ ಸಾಕು, ನೀವು ಪದವೀಧರರು."

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಎಷ್ಟೋ ವರ್ಷ ನೀನು ಹೊತ್ತದ್ದು ಬರೀ ಕಲ್ಲು ಅಂದವರೇ ಈಗ ಬಂದು ಅದು ಮನೆಯ ಗೋಡೆ, ಮೇಲೊಂದು ಚಾವಣಿ ಹೊದಿಸಿದರಾಯಿತು ಅಂದಂತಿತ್ತು. ಖುಷಿ ಆಗಬೇಕಿತ್ತು. ನನಗೆ ಸಿಟ್ಟು ಬಂತು.

"ಅಕ್ಕಾರ, ಒಂದು ಕೇಳ್ತೀನಿ. ಇದರಾಗ ನಿಮಗೇನು ಲಾಭ?"

ಅವರು ಒಂದು ಕ್ಷಣ ತಡೆದರು. "ನಿಮ್ಮಂಥವರು ಮುಂದ ಬರಬೇಕು ಅಂತ" ಅಂದರು. ಆ ತಡೆದದ್ದನ್ನು ನಾನು ನೋಡಿದೆ. ರೊಟ್ಟಿ ಬಡಿಯುವವರಿಗೆ ಬೇರೆ ಏನೂ ಗೊತ್ತಾಗದಿದ್ದರೂ ತಡವಾದದ್ದು ಗೊತ್ತಾಗುತ್ತದೆ. "ವಿಚಾರ ಮಾಡ್ತೀನ್ರಿ" ಅಂದು ಅವರನ್ನು ಕಳುಹಿಸಿದೆ.

ಮರುದಿನ ಖಾನಾವಳಿಗೆ ಅರ್ಧ ದಿನ ರಜೆ ಹೇಳಿ ಕೋಟೆಯ ಕಾಲೇಜಿಗೆ ಹೋದೆ. ಯಾರಿಗೂ ಹೇಳದೆ ಹೋದೆ. ನಾನು ಓದುವಾಗ ಆ ಕಾಲೇಜಿನ ವರಾಂಡದಲ್ಲಿ ಹೆಜ್ಜೆ ಇಡಲು ಜಾಗವಿರುತ್ತಿರಲಿಲ್ಲ. ಈಗ ಒಂದು ಕೋಣೆಗೆ ಇಣುಕಿದರೆ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಇನ್ನೊಂದರಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಕಪ್ಪು ಹಲಗೆಯ ಮೇಲೂ ಅವುಗಳದ್ದೇ ಬಿಳಿ ಬರಹ. ಮೂರನೆಯ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು. ಮುಂದಿನ ಎರಡು ಬೆಂಚಿನಲ್ಲಿ ಹುಡುಗರು ಕೂತಿದ್ದರು, ಹಿಂದೆಲ್ಲ ಬರಿದು. ಪಾಠ ಮಾಡುತ್ತಿದ್ದವರು ಇಂದುಮತಿ ಮೇಡಂ. ಕಿಟಕಿಯಲ್ಲಿ ನನ್ನನ್ನು ಕಂಡು ಅವರ ಮುಖ ಸಣ್ಣದಾಯಿತು.

ತರಗತಿ ಬಿಟ್ಟ ಮೇಲೆ ಅವರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ನಾನು ನಿಂತೇ ಇದ್ದೆ.

"ಮಂದಿ ಇಲ್ಲ ನಿಮ್ಮ ಕಾಲೇಜಿನ್ಯಾಗ" ಅಂದೆ.

"ಇಲ್ಲ" ಅಂದರು. "ಇರೋ ಹುಡುಗರೆಲ್ಲ ದೊಡ್ಡ ಊರಿಗೆ ಹೋಗ್ತಾರ. ಮುಂದಿನ ವರ್ಷ ಮಕ್ಕಳು ಇಷ್ಟೇ ಇದ್ರ ಸರ್ಕಾರ ಕಾಲೇಜು ಮುಚ್ಚತದ. ಕೆರೆಯೊಳಗೂ ಹಿಂಗ ಅದ, ಗಣಿಯೊಳಗೂ ಹಿಂಗ ಅದ."

"ಹಂಗಾದ್ರ ನಿಮಗ ಬೇಕಾಗಿದ್ದು ನಮ್ಮ ತಲಿ."

"ಹೌದು. ಮೊದಲು ನನಗ ಹೊಳದದ್ದು ಅದೇ. ನಿಮ್ಮ ಊರಾಗ ಓದಬೇಕಂತ ಒದ್ದಾಡೋರು ಅಷ್ಟು ಮಂದಿ ಇದ್ದಾರ, ನಾವು ಅವರನ್ನ ಗೇಟಿನಿಂದ ಕಳಸಿ ಖಾಲಿ ಕ್ವಾಣಿ ಕಾಯ್ತೇವಿ ಅಂತ. ಮೂರೂ ಕಾಲೇಜಿಗೆ ತಿರುಗಿ ತಿರುಗಿ ಒಪ್ಪಿಸಿದೆ. ನಿಮ್ಮ ಮುಂದ ಹೇಳಾಕ ನಾಚಿಕಿ ಆತು." ತಲೆ ತಗ್ಗಿಸಿ ಸೀರೆಯ ಅಂಚಿನ ಧೂಳು ಕೊಡವಿದರು.

ನನ್ನ ಗುಮಾನಿ ನಿಜವಾಗಿತ್ತು. ವಿಚಿತ್ರವೆಂದರೆ, ನಿಜವಾದದ್ದೇ ಒಂದು ಸಮಾಧಾನ ತಂದಿತು. ಉಪಕಾರ ಮಾಡುತ್ತೇನೆ ಅನ್ನುವವರು ನಾಳೆ ಬೇಸರ ಬಂದರೆ ಬಿಟ್ಟು ಹೋಗುತ್ತಾರೆ. ತಮಗೇ ಅಗತ್ಯವಿದ್ದವರು, ಗರಜಿದ್ದವರು, ಆ ಗರಜು ಇರುವವರೆಗಾದರೂ ಮಾತಿಗೆ ನಿಲ್ಲುತ್ತಾರೆ. ಇವರ ಗರಜು ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ. "ಹಂಗಿದ್ರ ನನ್ನ ಹೆಸರು ಬರಕೋರಿ" ಅಂದೆ. "ನನ್ನ ಮಗಳದೂ."

ಇಡೀ ಊರಿನಿಂದ ಒಂದು ಗುಂಪು ಸೇರಿತು. ನಾನು ಸೇರಿದ್ದೇನೆ ಅಂದ ಮೇಲೆ, ರೇಣವ್ವನಂಥ ಗುಮಾನಿಗಿತ್ತಿಯೇ ಸೇರಿದ್ದಾಳೆ ಎಂದು ಕೆಲವರು ಬಂದರು. ಚಂಪಾ ಮೊದಲ ವರ್ಷ, ನಾನು ಕೊನೆಯ ವರ್ಷ. ತಾಯಿ ಮಗಳು ಒಂದೇ ದಾರಿಯಲ್ಲಿ ಕೋಟೆಯ ಬಾಗಿಲು ದಾಟಿ ಕಾಲೇಜಿಗೆ ಹೋಗುತ್ತಿದ್ದೆವು. ನಸುಕಿನಲ್ಲೇ ಹಿಟ್ಟು ನಾದಿ ಮಧ್ಯಾಹ್ನದ ರೊಟ್ಟಿ ಬಡಿದಿಟ್ಟು ಹೊರಡುತ್ತಿದ್ದೆ. ಕೋಟೆಯ ಬಾಗಿಲಲ್ಲಿ ಬಳೆ ಮಾರುವವಳು ಮೊದಮೊದಲು ನಮ್ಮನ್ನು ಕಂಡು ಬಳೆಯ ಮಲಾರವನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು, ಜರುಗೂರಿನವರು ಎಂದು. ಅವಳಿಗೆ ನಮ್ಮ ಮೇಲೆ ಗುಮಾನಿ, ನಮಗೆ ಕಾಲೇಜಿನ ಮೇಲೆ. ಹೀಗೆ ಒಬ್ಬರನ್ನೊಬ್ಬರು ಕಣ್ಣಂಚಿನಲ್ಲಿ ನೋಡುತ್ತಲೇ ದಿನಗಳು ಹೋದವು. ಅಡಿವೆಪ್ಪ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಮಾತ್ರ, ನಾನು ಪುಸ್ತಕ ಹಿಡಿದು ತೂಕಡಿಸುತ್ತಿದ್ದಾಗ, "ಅಳಸಿ ಹೋಗೋ ಡಿಗ್ರಿಗೆ ಇಷ್ಟ್ಯಾಕ ಒದ್ದಾಡ್ತಿ" ಅಂದ. ಅಂದವನು ಎದ್ದುಹೋಗಿ, ಸಂಜೆಯ ಪಾತ್ರೆಯನ್ನೆಲ್ಲ ತಾನೇ ಬೆಳಗಿಟ್ಟ.

ಮೇಡಂ ಮಾತಿಗೆ ತಪ್ಪಲಿಲ್ಲ. ಬೇಸಿಗೆಯಲ್ಲಿ ಅವರೇ ನಮ್ಮೂರಿಗೆ ಬಂದು ಶಾಲೆಯ ಪಡಸಾಲೆಯಲ್ಲಿ ಪಾಠ ಮಾಡಿದರು. ಆದರೂ ನನ್ನ ಕಣ್ಣು ಅವರ ಮೇಲೆಯೇ ಇತ್ತು. ಅವರು ಗಡಿಯಾರ ನೋಡಿದರೆ, ಓ ಇವರಿಗೆ ಸಾಕಾಯಿತು ಅನ್ನಿಸುತ್ತಿತ್ತು. ಬೇರೆ ಯಾವ ಮೇಷ್ಟರಾದರೂ ಅವರ ಕಿವಿಯಲ್ಲಿ ಏನಾದರೂ ಹೇಳಿದರೆ, ಒಪ್ಪಂದ ಮುರಿಯಿತು ಅನ್ನಿಸುತ್ತಿತ್ತು. ಗುರುಸಿದ್ದಪ್ಪ ದಿನಾ ಒಂದೇ ಮಾತು ಹೇಳುತ್ತಿದ್ದ. "ಈಗೇನೂ ಗೊತ್ತಾಗೂದಿಲ್ಲವ್ವ. ಊರು ಜರುಗಿದ ದಿನ ಗೊತ್ತಾಕ್ಕೈತಿ."

ಪರೀಕ್ಷೆ ಹತ್ತಿರ ಬಂದಿತ್ತು. ಆಗ ಊರಿನ ನಾಯಿಗಳು ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ಮಲಗತೊಡಗಿದವು. ಅದು ನಮಗೆಲ್ಲ ಗೊತ್ತಿದ್ದ ಗುರುತು. ಕೊಡದ ನೀರು ಒಂದು ಮಗ್ಗುಲಿಗೆ ವಾಲಿ ನಿಂತಿತು. ನಾಳೆ ನಸುಕಿಗೆ ಹೊರಡುವುದೇ ಸೈ ಎಂದು ಹಿರಿಯರು ಹೇಳಿದರು. ಹೆಂಗಸರು ಕಪಾಟಿನ ಗಾಜು ಇಳಿಸಿದರು. ಕೋಟೆಯಿಂದ ವ್ಯಾಪಾರಕ್ಕೆ ಬಂದಿದ್ದವರೆಲ್ಲ ಗಡಿಬಿಡಿಯಿಂದ ಗಂಟು ಕಟ್ಟಿದರು. ನಿಂತೂರಿನವರು ನಮ್ಮೂರಿನಲ್ಲಿದ್ದಾಗ ಊರು ಜರುಗಿದರೆ ಅವರೂ ಜರುಗೂರಿನವರೇ ಆಗಿಬಿಡುತ್ತಾರೆ, ಆಮೇಲೆ ಅವರವರ ಮನೆಯಲ್ಲೇ ಅವರಿಗೆ ಉಣ್ಣುವ ಗಂಗಾಳ ಬೇರೆ ಇಡುತ್ತಾರೆ ಎಂಬ ಮಾತಿತ್ತು. ಅಂಥ ಒಬ್ಬರನ್ನೂ ನಾನು ಕಂಡಿರಲಿಲ್ಲ. ಯಾಕೆಂದರೆ ಯಾರೂ ಉಳಿದಿರಲಿಲ್ಲ.

ಆ ಸಂಜೆ ಮೇಡಂ ಪಡಸಾಲೆಯಲ್ಲಿ ಪಾಠ ಮಾಡುತ್ತಿದ್ದರು. ನಾನೇ ಎದ್ದು ಹೇಳಿದೆ. "ಅಕ್ಕಾರ, ನಾಳೆ ಊರು ಹೊಂಡತೈತಿ. ಕಡೀ ಬಸ್ಸು ಐತಿ, ಹೋಗ್ರಿ."

ಅವರು ಪುಸ್ತಕ ಮುಚ್ಚಿದರು. "ಎಲ್ಲಿಗೆ ಹೋದರೂ ಅಲ್ಲಿ ಪರೀಕ್ಷೆ ಬರೀರಿ. ಒಪ್ಪಂದ ಅದ" ಅಂದರು. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ಹೊರಟರು. ಅವರ ಬೆನ್ನು ತಿರುವಿನಲ್ಲಿ ಮರೆಯಾಯಿತು. ಚಂಪಾಳ ಕಣ್ಣು ತುಂಬಿತ್ತು. ಇಷ್ಟು ದಿನ ನಾನು ಕಾಯುತ್ತಿದ್ದದ್ದು ಇದನ್ನೇ ಅಲ್ಲವೇ ಅಂದುಕೊಂಡೆ. ಕಾಯುತ್ತಿದ್ದದ್ದು ಕೊನೆಗೆ ಬಂದಾಗ ಎದೆ ಅಷ್ಟು ಭಾರವಾಗುತ್ತದೆ ಎಂದು ಗೊತ್ತಿರಲಿಲ್ಲ.

ನಸುಕಿನಲ್ಲಿ ನೆಲ ಮೈ ಕೊಡವಿತು. ಬಾಗಿಲು ತೆಗೆದರೆ ತಣ್ಣನೆಯ ಗಾಳಿ, ಜೊಂಡಿನ ವಾಸನೆ. ಕೆರೆ. ನಾನು ನೀರಿಗೆಂದು ಶಾಲೆಯ ಬೋರಿನ ಕಡೆ ಹೋದೆ. ಅಲ್ಲಿ ಪಡಸಾಲೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಬಗ್ಗಿ, ಇಂದುಮತಿ ಮೇಡಂ ವಾಂತಿ ಮಾಡಿಕೊಳ್ಳುತ್ತಿದ್ದರು.

ಕೊಡ ಕೆಳಗಿಟ್ಟು ಓಡಿದೆ. ಬೆನ್ನು ನೀವಿದೆ, ಮುಖ ತೊಳೆಸಿದೆ. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ಇದೇನ್ರಿ ಅಕ್ಕಾರ, ಬಸ್ಸು ತಪ್ಪಿತೇನು?"

"ಹತ್ತಿದ್ದೆ" ಅಂದರು, ಉಸಿರು ಹಿಡಿದು ಹಿಡಿದು. "ಸೀಟೂ ಸಿಕ್ಕಿತ್ತು. ಬಸ್ಸು ಕೋಟೆ ರಸ್ತೆಗೆ ಹೊಳ್ಳೂದ್ರಾಗ ಇಳದೆ. ನಡಕೋತ ಬಂದೆ. ಎಲ್ಲಾರೂ ಬಾಗಲಾ ಹಾಕಿದ್ರಿ." ಮತ್ತೆ ಕಂಬ ಹಿಡಿದರು. "ರೇಣವ್ವಾರ, ಇದು ಯಾವಾಗ ನಿಲ್ಲತದ?"

"ಊರು ಆಗಲೇ ನಿಂತೈತ್ರಿ. ಹೊಟ್ಟಿ ಇನ್ನೂ ನಿಂತಿಲ್ಲ. ನಮ್ಮ ಕೂಸುಗೋಳು ಮದಲ ಸಲ ಜರುಗಿದಾಗ ಹಿಂಗ ಕಕ್ತಾವು." ಅವರನ್ನು ಮನೆಗೆ ಕರೆತಂದು, ಗೋಡೆಗೆ ಆನಿಸಿ ಕೂರಿಸಿ, ಮಜ್ಜಿಗೆಗೆ ಉಪ್ಪು ಜೀರಿಗೆ ಹಾಕಿ ಕುಡಿಸಿದೆ. ಯಾಕೆ ಇಳಿದಿರಿ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. "ನಾ ಹೋಗಿದ್ರ ನೀವು ಏನಂತಿದ್ರಿ?"

"ಓಡಿ ಹೋದ್ರು ಅಂತಿದ್ವಿ."

"ನಾನೂ ಹಂಗ ಅಂದ್ಕೊಂಡೆ" ಅಂದರು.

ಸುದ್ದಿ ಹಬ್ಬಿತು. ಜನ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಗುರುಸಿದ್ದಪ್ಪನೂ ಬಂದ. ಬಂದವನು ಬಾಗಿಲಿಗೇ ನಿಂತು, "ಇದರಾಗೂ ಏನರ ಇರಬೇಕು" ಅಂದ. ಆದರೆ ಧ್ವನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಮಧ್ಯಾಹ್ನ ಅವನ ಮನೆಯಿಂದ ಬಿಸಿ ಗಂಜಿ ಬಂತು.

ಎರಡು ದಿನ ಬಿಟ್ಟು ನಾವೆಲ್ಲ ಕೆರೆಯ ಕಾಲೇಜಿಗೆ ಹೋದೆವು. ಮುಂದೆ ಮೇಡಂ, ಹಿಂದೆ ನಾವು. ಗೇಟಿನಲ್ಲಿ ಕಾವಲುಗಾರ ತಡೆದ. ಒಳಗಿಂದ ಪ್ರಿನ್ಸಿಪಾಲರು ಬಂದರು. ಒಪ್ಪಂದಕ್ಕೆ ಕೈಜೋಡಿಸಿದವರು ಅವರಲ್ಲ. ಆ ಪ್ರಿನ್ಸಿಪಾಲರಿಗೆ ವರ್ಗವಾಗಿತ್ತು. ಇವರು ಹೊಸಬರು, ಜಂಬಗಿ ಎಂಬವರು. ಕನ್ನಡಕ ಹಣೆಯ ಮೇಲೇರಿಸಿ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹಿಂದಿನ ಸಾಹೇಬ್ರು ಏನ್ ಮಾತು ಕೊಟ್ಟಾರೋ ನನಗೆ ಗೊತ್ತಿಲ್ಲ. ಕೋಟೆಯೊಳಗ ಓದಿದ್ದು ಕೋಟೆಯೊಳಗ. ಇಲ್ಲಿ ಪರೀಕ್ಷೆ ಬರೀಬೇಕಂದ್ರ ಇಲ್ಲಿ ಸೇರಬೇಕು. ಮೊದಲನೇ ವರ್ಷಕ್ಕ ಸೀಟು ಅದಾವು, ಬೇಕಾದ್ರ ಸೇರ್ರಿ."

ಮೇಡಂ ವಾದಿಸಿದರು. ಅವರಿಗಿನ್ನೂ ನಿಶ್ಶಕ್ತಿ, ಮಾತಿನ ನಡುವೆ ಗೇಟು ಹಿಡಿದುಕೊಳ್ಳುತ್ತಿದ್ದರು. ಅವರ ಅವತಾರ ನೋಡಿ ಜಂಬಗಿಯವರು, "ನೀವು ಇವರ ಜೊತಿ ಆ ಊರಾಗ ಬಂದ್ರೇನು?" ಎಂದು ಕೇಳಿದರು. ಹೌದು ಅಂದಾಗ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಗುಂಪಿನಲ್ಲಿ ಆಗಲೇ ಕೆಲವರು ಊರಿನ ಕಡೆ ತಿರುಗಿದ್ದರು. ಯಾರೋ, "ನಡೀರ್ಲೇ, ಹೊಸಾದೇನೈತಿ" ಅಂದರು. ಚಂಪಾ ಮಾತ್ರ ಗೇಟಿನ ಸರಳಿಗೆ ಹಣೆ ಹಚ್ಚಿ ನಿಂತಿದ್ದಳು. ಇಪ್ಪತ್ತು ವರ್ಷದ ಕೆಳಗೆ ನಾನೂ ಇದೇ ಗೇಟಿನಲ್ಲಿ ಹಾಗೆಯೇ ನಿಂತಿದ್ದೆ. ಆಗ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ವರ್ಷಕ್ಕೆ ಸೇರಿದ್ದೆ.

ನನಗೆ ಏನಾಯಿತೋ, ಮುಂದೆ ಹೋದೆ. "ಸಾಹೇಬ್ರ, ಒಂದು ಮಾತು. ನಿಮ್ಮ ಕಾಲೇಜಿನ್ಯಾಗ ಪಾರಿವಾಳ ಎಷ್ಟ್ ಅದಾವ್ರಿ?"

ಅವರು ಹುಬ್ಬು ಗಂಟಿಕ್ಕಿದರು. "ಏನಂದಿ?"

"ಕೋಟೆ ಕಾಲೇಜಿನ್ಯಾಗ ಬಾಳ ಇದ್ದವು. ಬೆಂಚ್ ಖಾಲಿ ಇದ್ವು ನೋಡ್ರಿ, ಅದಕ್ಕ. ಈಗ ನಾವು ಹೋಗಿ ಕುಂತ ಮ್ಯಾಲ ಒಂದೂ ಇಲ್ಲ." ಅವರ ಹಿಂದೆ ಮಹಡಿಯ ಕಿಟಕಿಗಳು ಕಾಣುತ್ತಿದ್ದವು, ಎಲ್ಲ ಮುಚ್ಚಿದ್ದವು. "ನೀವು ಬ್ಯಾಡ ಅಂದ್ರ ನಾವು ಹೋಗ್ತೀವ್ರಿ. ಊರು ಮುಂದ ಗಣಿಗೆ ಹೋಕ್ಕೈತಿ, ಅಲ್ಲಿ ಬರೀತೀವಿ. ನಮ್ಮ ಮಂದಿ ಗಣಿ ಕಾಲೇಜಿನ ಲೆಕ್ಕಕ್ಕ ಸೇರ್ತಾರ. ಕೋಟೆಯೂ ಉಳಿತೈತಿ, ಗಣಿಯೂ ಉಳಿತೈತಿ. ಸರ್ಕಾರದವ್ರು ಬಂದು ಕೇಳಿದಾಗ ನೀವು ಪಾರಿವಾಳ ತೋರಸ್ರಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಜಂಬಗಿಯವರ ಮುಖ ಕೆಂಪೇರಿತು. ಕಾವಲುಗಾರ ನೆಲ ನೋಡಿದ. ಅವರು ಮೇಡಂ ಕಡೆ ತಿರುಗಿ, "ಒಳಗ ಬರ್ರಿ, ಮಾತಾಡೋಣ" ಅಂದರು. "ನೀವೊಬ್ಬರೇ."

"ಎಲ್ಲಾರೂ ಬರ್ತಾರ" ಅಂದರು ಮೇಡಂ.

ಎಲ್ಲರೂ ಹೋದೆವು. ಒಳಗೆ ಫೋನು ಮಾಡಿದರು, ಗುಮಾಸ್ತರನ್ನು ಕರೆಸಿದರು, ಒಬ್ಬರ ಮುಖ ಒಬ್ಬರು ನೋಡಿದರು. ನಾವು ವರಾಂಡದಲ್ಲಿ ನೆಲದ ಮೇಲೆ ಸಾಲಾಗಿ ಕೂತಿದ್ದೆವು. ಮಧ್ಯಾಹ್ನವಾಗಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬಿಚ್ಚಿ ತಿಂದೆವು. ಕಾವಲುಗಾರನಿಗೂ ಒಂದು ಕೊಟ್ಟೆ, ಬೇಡ ಅನ್ನಲಿಲ್ಲ. ಹೊತ್ತು ಇಳಿಯುವಾಗ ಮೇಡಂ ಹೊರಗೆ ಬಂದು, "ಬರೀಬಹುದು" ಎಂದಷ್ಟೇ ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಯಾರೂ ಜೈ ಅನ್ನಲಿಲ್ಲ. ನಾವು ಅಷ್ಟು ಬೇಗ ಜೈ ಅನ್ನುವವರಲ್ಲ. ನಾಳೆ ಬೆಳಿಗ್ಗೆ ಮನಸ್ಸು ತಿರುಗಿದರೆ ಎಂದುಕೊಂಡೇ ಮನೆಗೆ ಹೋದೆವು.

ಮನಸ್ಸು ತಿರುಗಲಿಲ್ಲ. ಪರೀಕ್ಷೆ ಬರೆದೆವು. ನನ್ನ ಬೆಂಚು ಕಿಟಕಿಯ ಹತ್ತಿರವಿತ್ತು. ಪ್ರಶ್ನೆ ಓದುತ್ತಲೇ ಮೊದಲು ನೋಡಿದ್ದು ಇದು ಮೊದಲ ವರ್ಷದ ಪ್ರಶ್ನೆಯೋ ಹೇಗೆ ಎಂದು. ಅಲ್ಲ, ಕೊನೆಯ ವರ್ಷದ್ದೇ. ಆಮೇಲೆ ಪೆನ್ನಿನ ಮುಚ್ಚಳ ತೆಗೆದೆ.

ಪರೀಕ್ಷೆ ಮುಗಿಯುವವರೆಗೂ ಮೇಡಂ ನಮ್ಮ ಮನೆಯಲ್ಲೇ ಇದ್ದರು. ಕೋಟೆಯಿಂದ ಅವರ ಅಣ್ಣ ಫೋನು ಮಾಡಿ ಬೈದದ್ದು ಹೊರಗಿನವರೆಗೂ ಕೇಳಿಸಿತು. ಅಡಿವೆಪ್ಪ ಅದನ್ನು ಕೇಳಿ ಹಾಸಿಗೆಯ ಕೌದಿಯನ್ನು ಬಿಸಿಲಿಗೆ ಹಾಕಿ ತಂದು ಅವರ ಕೋಣೆಯಲ್ಲಿಟ್ಟ. ಅವರು ಬಸ್ಸು ಬದಲಿಸಿ ಬದಲಿಸಿ ಕೋಟೆಗೆ ಹೊರಟ ದಿನ ಗುರುಸಿದ್ದಪ್ಪ ಬುತ್ತಿ ಕಟ್ಟಿಸಿದ. ಕೋಟೆಯ ಮನೆಯಲ್ಲಿ ಅವರಿಗೆ ಗಂಗಾಳ ಬೇರೆ ಇಟ್ಟರೋ ಇಲ್ಲವೋ ಅವರು ಎಂದೂ ಹೇಳಲಿಲ್ಲ. ಕಾಲೇಜಿನ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದಿದ್ದಾರೆ ಎಂದು ಮಾತ್ರ ಆಮೇಲೆ ಗೊತ್ತಾಯಿತು.

ಫಲಿತಾಂಶ ಬರುವಷ್ಟರಲ್ಲಿ ನಮ್ಮೂರು ಗಣಿಯ ಮಗ್ಗುಲಿಗೆ ಬಂದಿತ್ತು. ಚಂಪಾ ಮೊದಲ ವರ್ಷ ಪಾಸಾಗಿ, ಗಣಿಯ ಕಾಲೇಜಿನಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಹೋಗಿ ಕೂತಳು. ನಮ್ಮೂರಿನಲ್ಲಿ ಎರಡನೆಯ ವರ್ಷ ಅನ್ನುವ ಮಾತನ್ನು ಮೊದಲು ಹೇಳಿದವಳು ಅವಳೇ. ನೆರೆಮನೆಯ ಮುದುಕಿ, "ಎಷ್ಟನೇ ವರ್ಷ ಅಂದಿ?" ಎಂದು ಮೂರು ಸಲ ಕೇಳಿ, ಮೂರು ಸಲವೂ ನಗುತ್ತಾ ಹೋದಳು.

ಪದವಿ ಕೊಡುವ ಕಾರ್ಯಕ್ರಮವನ್ನು ಗಣಿಯ ಕಾಲೇಜಿನ ಮೈದಾನದಲ್ಲಿ ಇಟ್ಟಿದ್ದರು. ಶಾಮಿಯಾನ ಹಾಕಿದ್ದರು. ಕೆಂಪು ಧೂಳು ಕುರ್ಚಿಗಳ ಮೇಲೆಲ್ಲ ಕೂತಿತ್ತು. ವೇದಿಕೆಯ ಮೇಲೆ ಮೂರೂ ಕಾಲೇಜಿನ ಪ್ರಿನ್ಸಿಪಾಲರು. ಜಂಬಗಿಯವರು ಎಲ್ಲರಿಗಿಂತ ಮೊದಲು ಬಂದು ನಡುವಿನ ಕುರ್ಚಿ ಹಿಡಿದಿದ್ದರು. ಕೋಟೆಯವರೂ ಗಣಿಯವರೂ ಅವರನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಮೇಡಂ ಮೈಕಿನ ಹತ್ತಿರ ನಿಂತು ಹೆಸರು ಕರೆಯುತ್ತಿದ್ದರು. ಅವರು ಈ ಸಲ ಬಸ್ಸಿನಲ್ಲಿ ಬಂದಿದ್ದರು, ಮುಖದಲ್ಲಿ ಗೆಲುವಿತ್ತು. ನಮ್ಮೂರಿನವರು ಹಿಂದಿನ ಸಾಲುಗಳಲ್ಲಿ ಕೂತಿದ್ದೆವು. ಮುಂದೆ ಜಾಗವಿದ್ದರೂ ಹಿಂದೆಯೇ ಕೂತಿದ್ದೆವು, ಏನಾದರೂ ಹೆಚ್ಚುಕಡಿಮೆಯಾದರೆ ಬೇಗ ಎದ್ದು ಹೋಗಲು ಅನುಕೂಲ ಎಂದು.

"ರೇಣವ್ವ ಅಡಿವೆಪ್ಪ" ಎಂದು ಮೈಕಿನಲ್ಲಿ ಕೇಳಿಸಿತು.

ನಾನು ಏಳಲಿಲ್ಲ. ಅಕ್ಕಪಕ್ಕ ನೋಡಿದೆ. ಗಣಿಯಲ್ಲೂ ಒಬ್ಬ ರೇಣವ್ವ ಇರಬಹುದು. ಅವಳ ಗಂಡನ ಹೆಸರೂ ಅಡಿವೆಪ್ಪ ಇರಬಹುದು, ದೊಡ್ಡ ಮಾತೇನಲ್ಲ. ಎದ್ದು ಅಷ್ಟು ದೂರ ಹೋದ ಮೇಲೆ ನೀನಲ್ಲ ಅಂದರೆ, ತಿರುಗಿ ಬರುವ ದಾರಿಯಲ್ಲಿ ಇಷ್ಟು ಜನರ ಮುಖ ನೋಡುವುದು ಹೇಗೆ? ಮೇಡಂ ಇನ್ನೊಂದು ಸಲ ಕರೆದರು. ಹಿಂದಿನಿಂದ ನನ್ನ ಗಂಡ ಬೆನ್ನಿಗೆ ತಿವಿದ.

"ಏಳ ಮಾರಾಯ್ತಿ, ನಿನ್ನ ಕರಿಯಾಕತ್ತಾರ."

"ಬ್ಯಾರೆ ಯಾರರ ಇರಬೇಕು."

"ಬ್ಯಾರೆ ಯಾರೂ ಎದ್ದಿಲ್ಲ, ನೋಡು."

ನೋಡಿದೆ. ಯಾರೂ ಎದ್ದಿರಲಿಲ್ಲ. ಚಂಪಾ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಕುರ್ಚಿಗಳ ನಡುವೆ ನಡೆದುಹೋಗುವಾಗ ಯಾರಾದರೂ ನಿಲ್ಲಿಸುತ್ತಾರೆ ಎಂದು ಕಾಯುತ್ತಲೇ ಹೋದೆ. ಯಾರೂ ನಿಲ್ಲಿಸಲಿಲ್ಲ. ಜಂಬಗಿಯವರು ನನ್ನ ಗುರುತು ಹಿಡಿದು ಬೇರೆ ಕಡೆ ನೋಡಿದರು. ಮೂವರೂ ಸೇರಿ ಒಂದು ಹಾಳೆ ನನ್ನ ಕೈಗೆ ಕೊಟ್ಟರು. ದಪ್ಪನೆಯ ಹಾಳೆ, ಮೂರು ಮುದ್ರೆ, ನಡುವೆ ನನ್ನ ಹೆಸರು. ಜನ ಚಪ್ಪಾಳೆ ತಟ್ಟುತ್ತಿದ್ದರು, ಫೋಟೋದವನು ಇತ್ತ ನೋಡಿ ಅನ್ನುತ್ತಿದ್ದ. ನಾನು ಅಲ್ಲೇ ವೇದಿಕೆಯ ಮೇಲೆ ನಿಂತು ಹಾಳೆಯನ್ನು ತಿರುವಿ, ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದೆ. ಹಿಂದೆ ಏನೂ ಇರಲಿಲ್ಲ.